‘ಸಿದ್ಧಪಡಿಸಲಾಯಿತು’ ಅಂದ್ರೆ ಯಾರು ಸಿದ್ಧಪಡಿಸಿದ್ದು?

ನಮಸ್ಕಾರ. 1947ರ ಭಾರತ ಸ್ವಾತಂತ್ರ್ಯ ಕಾಯ್ದೆ ಹೇಗೆ ತಯಾರಾಯ್ತು ಅನ್ನೋ ನಿಮ್ಮ ಲೇಖನ ಓದಿದೆ. ವಿಷಯ ಒಳ್ಳೇದು, ಭಾಷೆ ಶುದ್ಧವಾಗಿದೆ, ಸಂತೋಷ. ಆದ್ರೆ ಎರಡನೇ ಪ್ಯಾರಾಕ್ಕೆ ಬರೋಷ್ಟರಲ್ಲಿ ನಂಗೆ ರೇಗೋಯ್ತು.

“ಕರಡು ಸಿದ್ಧಪಡಿಸಲಾಯಿತು. ನಾಯಕರ ಅಭಿಪ್ರಾಯ ಪಡೆಯಲಾಯಿತು. ಮಸೂದೆಯನ್ನು ಅಂಗೀಕರಿಸಲಾಯಿತು.” ಯಾರ್ರೀ ಇದೆಲ್ಲಾ ಮಾಡಿದ್ದು, ದೆವ್ವನಾ? ಜೂನ್ 3ಕ್ಕೆ ದೇಶ ಇಬ್ಭಾಗ ಮಾಡಿ ಅಧಿಕಾರ ಬಿಟ್ಟುಕೊಡೋ ವೈಸ್‌ರಾಯ್ ಮೌಂಟ್‌ಬ್ಯಾಟನ್‌ರ ಪ್ಲಾನ್ ಹೊರಬಿತ್ತು, ಜುಲೈ 4ಕ್ಕೆ ಮಸೂದೆ ಬ್ರಿಟಿಷ್ ಪಾರ್ಲಿಮೆಂಟಿನ ಕಾಮನ್ಸ್ ಸಭೆಗೆ ಬಂತು, 18ಕ್ಕೆ ರಾಜನ ಅಂಕಿತಾನೂ ಬಿತ್ತು. ಇಷ್ಟು ದೊಡ್ಡ ದೇಶ ಬಿಟ್ಟುಕೊಡೋಕೆ ಬರೀ 20 ಸೆಕ್ಷನ್, 3 ಷೆಡ್ಯೂಲು. ಆ ಧಾವಂತ ನಿಮ್ಮ ವಾಕ್ಯದಲ್ಲಿ ಎಲ್ಲಿದೆ? ಇನ್ನು ‘ಅಭಿಪ್ರಾಯ ಪಡೆಯಲಾಯಿತು’. ಪಾರ್ಲಿಮೆಂಟಿಗೆ ಹೋಗೋಕೆ ಮುಂಚೆ ಮಸೂದೆನ ಹೊರಗಿನೋರಿಗೆ ತೋರ್ಸೋ ಪದ್ಧತಿನೇ ಇರ್ಲಿಲ್ಲ, ಅಂಥಾದ್ರಲ್ಲಿ ಮೌಂಟ್‌ಬ್ಯಾಟನ್ ಲಂಡನ್ನಿನವರನ್ನ ಒಪ್ಪಿಸಿ, ವೈಸ್‌ರಾಯ್ ಮನೇಲಿ ಕಾಂಗ್ರೆಸ್‌ನವರನ್ನ ಒಂದು ರೂಮಲ್ಲಿ, ಮುಸ್ಲಿಂ ಲೀಗ್‌ನವರನ್ನ ಇನ್ನೊಂದು ರೂಮಲ್ಲಿ ಕೂರಿಸಿ ಓದಿಸಿದ್ರು. ಇಂಥ ಸೀನ್ ಕೈಲಿಟ್ಕೊಂಡು ‘ಪಡೆಯಲಾಯಿತು’ ಅಂತ ಬರೀತೀರಲ್ಲ!

ನಾನು ಪೇಪರಿನ ಡೆಸ್ಕಿಗೆ ಸೇರಿದ ಹೊಸದ್ರಲ್ಲಿ ನಮ್ಮ ಚೀಫ್ ಸಬ್ ಎಡಿಟರು ಸರ್ಕಾರಿ ಪ್ರೆಸ್‌ನೋಟ್ ಎಸೆದು, “ಇದ್ರಲ್ಲಿ ಯಾರು ಏನ್ ಮಾಡಿದ್ರು ಕೇಳ್ಕೊಂಡ್ ಬಾ” ಅನ್ನೋರು. ಇಲಾಖೆ ಇಲಾಖೆಗೂ ಫೋನ್ ಹಚ್ಚಬೇಕು, ಯಾರೂ ಬಾಯಿ ಬಿಡಲ್ಲ, ರಾತ್ರಿ ಮೆಸ್ ಬೇರೆ ಮುಚ್ಚಿಹೋಗಿರೋದು. ಮನಸಲ್ಲೇ ಬೈಕೊಂಡು ಮಾಡ್ತಿದ್ದೆ. ಈಗ ನಾನೂ ಅದನ್ನೇ ಕೇಳ್ತಿದೀನಿ ನೋಡಿ.

ಇನ್ನು ನಿಮ್ಮ ಮೂರನೇ ಪ್ಯಾರಾ. “ಸಂಸ್ಥಾನಗಳನ್ನು ಕಾಯ್ದೆಯ ಮೂಲಕ ಭಾರತಕ್ಕೆ ಸೇರಿಸಲಾಯಿತು.” ಇದಂತೂ ಶುದ್ಧ ತಪ್ಪು. ಮಾಡಿದವರ ಹೆಸರು ಹುಡುಕಿದ್ದಿದ್ರೆ ಈ ತಪ್ಪು ಆಗ್ತಾನೇ ಇರ್ಲಿಲ್ಲ. ರಾಜರ ಮೇಲಿದ್ದ ಬ್ರಿಟಿಷರ ಪರಮಾಧಿಕಾರ ಆಗಸ್ಟ್ 15ಕ್ಕೆ ಬಿದ್ದೋಗುತ್ತೆ ಅಂತ 7ನೇ ಸೆಕ್ಷನ್ ಹೇಳುತ್ತೆ, ಅದನ್ನ ಯಾರ ಕೈಗೂ ಕೊಡಲ್ಲ. ಮೈಸೂರು ಸೇರಿದ್ದು ಜಯಚಾಮರಾಜ ಒಡೆಯರ್ ಸಹಿ ಹಾಕಿದ್ದಕ್ಕೆ, ಅದಾದ್ಮೇಲೂ ಜವಾಬ್ದಾರಿ ಸರ್ಕಾರಕ್ಕೆ, ಅಂದ್ರೆ ಜನ ಆರಿಸಿದೋರ ಸರ್ಕಾರಕ್ಕೆ, ಜನ ‘ಮೈಸೂರು ಚಲೋ’ ಅಂತ ಬೀದಿಗಿಳೀಬೇಕಾಯ್ತು. ಅದೇ ಸೆಕ್ಷನ್ನಲ್ಲಿ ಸುಂಕ, ಸಾಗಾಟ, ಅಂಚೆ-ತಂತಿ ಒಪ್ಪಂದಗಳು ಯಾರಾದ್ರೂ ಬೇಡ ಅನ್ನೋವರೆಗೆ ಹಂಗೇ ನಡೀಲಿ ಅಂತ ಸೇರಿಸಿದಾರೆ ಗಮನಿಸಿದ್ರಾ? ಸಾಮ್ರಾಜ್ಯ ಹೋದ್ರೂ ಮಾರನೇ ದಿನ ಟಪಾಲು ನಿಲ್ಲಬಾರ್ದು ಅಂತ ತಲೆ ಕೆಡಿಸ್ಕೊಂಡೋರು ಯಾರೋ ಇದಾರೆ ಅಲ್ಲಿ. ನಂಗೆ ಅವರ ಬಗ್ಗೆ ಓದ್ಬೇಕು.

ಉಳಿದ ಪ್ಯಾರಾಗಳ ಬಗ್ಗೆ ಆಮೇಲೆ ಮಾತಾಡೋಣ. ಸದ್ಯಕ್ಕೆ ಎರಡು, ಮೂರನ್ನ ಹೊಸದಾಗಿ ಬರೆದು ಕಳ್ಸಿ, ನುಡಿ ಫಾಂಟ್ ಬೇಡ, ಯೂನಿಕೋಡಲ್ಲಿ.