ಮಾರಿಯೋಗೇಕೆ ದಪ್ಪ ಮೀಸೆ?

ಪ್ರಶ್ನೆ: ವಿಡಿಯೊ ಗೇಮ್‌ನ ಮಾರಿಯೋ ಚಿತ್ರ ಬಿಡಿಸುತ್ತಿದ್ದ ಮಗಳು, ‘ಇವನಿಗೇಕೆ ಇಷ್ಟು ದಪ್ಪ ಮೀಸೆ?’ ಎಂದು ಕೇಳಿದಳು. ಉತ್ತರ ತೋಚಲಿಲ್ಲ. ನೀವೇ ಹೇಳಿ.
– ಓದುಗರೊಬ್ಬರು, ಶಿರಸಿ

ಉತ್ತರ: ಬಾಯಿ ಬರೆಯಲು ಜಾಗವಿರಲಿಲ್ಲ, ಅದಕ್ಕೆ! 1981ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ‘ಡಾಂಕಿ ಕಾಂಗ್’ ಆಟಕ್ಕಾಗಿ ಇವನನ್ನು ರೂಪಿಸಿದಾಗ ಪರದೆಯ ಮೇಲೆ ಸಿಕ್ಕಿದ್ದು ಅಡ್ಡ 16, ಉದ್ದ 16 ಚುಕ್ಕೆಗಳ ಚೌಕ. ಹಬ್ಬದ ದಿನ ನನ್ನ ಅತ್ತೆ ಇಡುವ ರಂಗೋಲಿಯೂ ಹೆಚ್ಚುಕಡಿಮೆ ಅಷ್ಟೇ ಚುಕ್ಕೆಯದು. ಅದರಲ್ಲಿ ಮನುಷ್ಯನ ಮುಖ ಮೂಡಿಸಿ ನೋಡಿ, ಕಷ್ಟ ತಿಳಿಯುತ್ತದೆ. ದೊಡ್ಡ ಮೂಗಿನ ಕೆಳಗೆ ಮೀಸೆ ಇಟ್ಟರೆ ಬಾಯಿಯ ಗೊಡವೆ ಇಲ್ಲ. ಟೋಪಿ ಹಾಕಿದರೆ ಜಿಗಿಯುವಾಗ ಕೂದಲು ಹಾರುವುದನ್ನು ತೋರಿಸಬೇಕಿಲ್ಲ. ಭುಜಪಟ್ಟಿಯ ಪ್ಯಾಂಟು ತೊಡಿಸಿದ್ದರಿಂದ ಬೀಸುವ ಕೈ ಎದ್ದು ಕಾಣುತ್ತದೆ.

ಆಗ ಅವನು ಬಡಗಿ, ಹೆಸರು ‘ಜಂಪ್‌ಮ್ಯಾನ್’. ಮಾರಿಯೋ ಎಂಬುದು ಅಮೆರಿಕದಲ್ಲಿ ಕಂಪನಿಗೆ ಗೋದಾಮು ಬಾಡಿಗೆ ಕೊಟ್ಟಿದ್ದ ಮಾರಿಯೋ ಸೆಗಾಲೆಯವರಿಂದ ಬಂದದ್ದು. 1983ರ ಆಟದಲ್ಲಿ ನೆಲದಡಿಯ ಕೊಳವೆಗಳು ಬಂದವು, ಬಡಗಿ ಪ್ಲಂಬರ್ ಆದ.

ಇನ್ನೊಂದು ವಿಷಯ: 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ಮೋಡ, ಪೊದೆ ಎರಡಕ್ಕೂ ಒಂದೇ ಆಕಾರ, ಬಣ್ಣ ಮಾತ್ರ ಬೇರೆ. ಬೇಸಿಗೆ ರಜೆಯೆಲ್ಲ ಅದನ್ನೇ ಆಡಿದ ನನಗೆ ಅದು ಕಾಣಲೇ ಇಲ್ಲ. ಕಣ್ಣೆಲ್ಲ ಮುಂದಿನ ಹೊಂಡದ ಮೇಲಿತ್ತು.