650 ಅಂದರೆ 650: ಅರ್ಜಿ ಪ್ರಬಂಧದ ಪದಮಿತಿ ಬಗ್ಗೆ ಎರಡು ಪತ್ರ

ಪ್ರಶ್ನೆ: ನಾನು ಇಳಕಲ್‌ನವಳು, ಪಿಯುಸಿ ಎರಡನೇ ವರ್ಷ. ಅರ್ಥಶಾಸ್ತ್ರ ಓದಲು ಅಮೆರಿಕದ ಕೆಲವು ಕಾಲೇಜುಗಳಿಗೆ ಕಾಮನ್ ಆಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಕಳಿಸುವ ವೆಬ್‌ಸೈಟ್) ಅರ್ಜಿ ಹಾಕುತ್ತಿದ್ದೇನೆ. ಪ್ರಬಂಧಕ್ಕೆ 650 ಪದ ಅಂತ ಇದೆ, ನನ್ನದು 910 ಆಗಿದೆ. ನಮ್ಮದು ಕೈಮಗ್ಗದ ಮನೆ, ಅದರ ಬಗ್ಗೆಯೇ ಬರೆದಿದ್ದೇನೆ. ಏನು ತೆಗೆದರೂ ಕಥೆ ಕೆಡುತ್ತದೆ ಅನಿಸುತ್ತಿದೆ. ಚೆನ್ನಾಗಿದ್ದರೆ ಜಾಸ್ತಿಯಾದರೂ ಓದುತ್ತಾರೆ ಅಂತ ಪರಿಚಯದವರು ಹೇಳಿದರು. ನಿಜಾನಾ ಮೇಡಂ? ಪ್ರಬಂಧವನ್ನೂ ಕಳಿಸಿದ್ದೇನೆ.

ಉತ್ತರ: ನಿಜ ಅಲ್ಲ ತಂಗಿ. ಕಾಮನ್ ಆಪ್‌ನಲ್ಲಿ ಪ್ರಬಂಧ ಹಾಕುವ ಬಾಕ್ಸ್ 250ಕ್ಕಿಂತ ಕಡಿಮೆಯನ್ನೂ ಒಪ್ಪಲ್ಲ, 650ಕ್ಕಿಂತ ಜಾಸ್ತಿಯನ್ನೂ ಒಪ್ಪಲ್ಲ. 651ನೇ ಪದ ಓದುವವರ ಕೈಗೆ ಹೋಗುವುದೇ ಇಲ್ಲ. ಕೆಲವು ಕಡೆ ಪಿಡಿಎಫ್ ಹಾಕಿ ಅನ್ನುತ್ತಾರೆ, ಅಲ್ಲಿ ತಡೆಯಲು ಬಾಕ್ಸ್ ಇರುವುದಿಲ್ಲ, ಆದರೆ ಅಲ್ಲೂ ದಾಟಬೇಡ. 10 ಪರ್ಸೆಂಟ್ ಹೆಚ್ಚಾದರೆ ನಡೆಯುತ್ತದೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಕಾಲೇಜೇ ಹಾಗೆ ಬರೆದಿದ್ದರೆ ಸರಿ, ಇಲ್ಲದಿದ್ದರೆ ನಂಬಬೇಡ. ಲಕ್ಷಗಟ್ಟಲೆ ಕೊಟ್ಟು ಕನ್ಸಲ್ಟೆಂಟ್ ಇಟ್ಟುಕೊಂಡವರಿಗೂ ಅದೇ 650, ನಿನಗೂ ಅದೇ 650. ಈ ಒಂದು ವಿಷಯದಲ್ಲಾದರೂ ಎಲ್ಲರೂ ಸಮ, ಅದು ನನಗೆ ಇಷ್ಟ.

ಈಗ ನಿನ್ನ ಪ್ರಬಂಧಕ್ಕೆ ಬರೋಣ. ಮೊದಲ 300 ಪದ ಇಳಕಲ್ ಸೀರೆಯ ಪರಿಚಯ: ಒಡಲಿನ ಹತ್ತಿ, ಸೆರಗಿನ ರೇಷ್ಮೆ, ಎರಡನ್ನೂ ಸೇರಿಸುವ ಕೊಂಡಿ, ಟೋಪಿ ತೆನಿ ಸೆರಗು. ಎಲ್ಲವೂ ಸರಿಯಾಗಿದೆ, ಆದರೆ ಇದನ್ನು ಯಾರು ಬೇಕಾದರೂ ಬರೆಯಬಹುದು ಅಲ್ವಾ? ಆಮೇಲೆ 200 ಪದ ಅಜ್ಜನದು. ಕೊನೆಯ 160 ಪದ ದೇಶಸೇವೆ, ಕನಸು, ಗುರಿ. ಇವುಗಳ ನಡುವೆ 250 ಪದಗಳಲ್ಲಿ ನೀನು ಅಪ್ಪನ ಲೆಕ್ಕದ ಪುಸ್ತಕ ತೆಗೆದು ಒಂದು ಸೀರೆಗೆ ಎಷ್ಟು ದಿನ ಹಿಡಿಯಿತು, ನೂಲಿಗೆ ಎಷ್ಟು ಹೋಯಿತು, ಕೈಗೆ ಎಷ್ಟು ಉಳಿಯಿತು ಅಂತ ಬರೆದಿಟ್ಟದ್ದು, ಒಂದು ದಿನದ ಕೂಲಿ ಕಂಡು ಅಪ್ಪನೇ ಸುಮ್ಮನಾದದ್ದು ಇದೆ. ಅದೇ ನಿನ್ನ ಪ್ರಬಂಧ! ಅರ್ಥಶಾಸ್ತ್ರ ಯಾಕೆ ಓದಬೇಕು ಅನ್ನುವುದಕ್ಕೆ ಬೇರೆ ಉತ್ತರವೇ ಬೇಡ.

ಹಾಗಾಗಿ ಅಲ್ಲೊಂದು ಇಲ್ಲೊಂದು ಪದ ಕೀಳುತ್ತಾ ಕೂರಬೇಡ, 260 ಪದ ಹಾಗೆ ಹೋಗಲ್ಲ, ವಾಕ್ಯಗಳು ಮಾತ್ರ ಕುಂಟುತ್ತವೆ. ಇಡೀ ಪ್ಯಾರಾಗಳನ್ನು ತೆಗೆ. ಲೆಕ್ಕದ ಪುಸ್ತಕದಿಂದಲೇ ಶುರು ಮಾಡು, ಆ 250 ಪದ 400 ಆಗಲಿ. ಮೊದಲ ಸಲ ಕೂಡಿದಾಗ ತಪ್ಪಾಗಿತ್ತಾ? ಅಪ್ಪ ಏನಂದರು? ಆಮೇಲೆ ಮನೆಯಲ್ಲಿ ಏನಾದರೂ ಬದಲಾಯಿತಾ? ಸೀರೆಯ ವಿಷಯ ಕೊಂಡಿ ಒಂದೇ ಸಾಕು, ಅದೂ ನಿನ್ನ ಕೈಯಿಂದ ಮಾಡಿದ್ದರೆ ಮಾತ್ರ. ಅಜ್ಜನಿಗೆ ಎರಡು ವಾಕ್ಯ ಇರಲಿ. ನಿನಗೆ ಬೇಜಾರಾಗುತ್ತದೆ, ಗೊತ್ತು. ಆದರೆ ಸೀಟು ಕೇಳುತ್ತಿರುವವಳು ನೀನು, ಅಜ್ಜ ಅಲ್ಲ.

ಇಷ್ಟಾದ ಮೇಲೆ ಸಣ್ಣ ಕತ್ತರಿ. ‘ಐ ಫರ್ಮ್‌ಲಿ ಬಿಲೀವ್ ದ್ಯಾಟ್’, ‘ಎವರ್ ಸಿನ್ಸ್ ಮೈ ಚೈಲ್ಡ್‌ಹುಡ್’ ಇಂಥವು ನಿನ್ನದರಲ್ಲಿ ತುಂಬಾ ಇವೆ, ಹೋಗಲಿ. ಎರಡು ಪದಗಳ ನಡುವಿನ ಜಾಗ ಅಳಿಸಿ ಒಂದೇ ಪದ ಅನ್ನಿಸುವ ಆಟ ಮಾತ್ರ ಬೇಡ, ಓದುವವರಿಗೆ ಅದು ತಕ್ಷಣ ಕಾಣುತ್ತದೆ. ಉಳಿದದ್ದನ್ನು ‘ಅಡಿಷನಲ್ ಇನ್ಫರ್ಮೇಷನ್’ ಬಾಕ್ಸ್‌ಗೆ ತುರುಕುವುದೂ ಬೇಡ. ಮೊದಲು ಅಲ್ಲೂ 650 ಪದ ಇತ್ತು, 2025-26ರಿಂದ 300ಕ್ಕೆ ಇಳಿಸಿದ್ದಾರೆ. ಅರ್ಜಿಯಲ್ಲಿ ಬೇರೆಲ್ಲೂ ಹೇಳಲಾಗದ ವಿಷಯಕ್ಕೆ ಆ ಜಾಗ.

650 ತುಂಬಲೇಬೇಕು ಅಂತಲೂ ಇಲ್ಲ. 540ಕ್ಕೆ ಮುಗಿದರೆ ಅಲ್ಲೇ ನಿಲ್ಲಿಸು. ಎಂಎಸ್ ವರ್ಡ್‌ನ ಎಣಿಕೆಗೂ ಬಾಕ್ಸ್‌ನ ಎಣಿಕೆಗೂ ಕೆಲವೊಮ್ಮೆ ಒಂದೆರಡು ಪದ ವ್ಯತ್ಯಾಸ ಬರುತ್ತದೆ, ಆದ್ದರಿಂದ ಕೊನೆಯ ದಿನದ ತನಕ ಕಾಯದೆ ಈಗಲೇ ಬಾಕ್ಸ್‌ಗೆ ಹಾಕಿ ನೋಡು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ಹಾಕುವುದಾದರೆ ಅದರ ಅರ್ಜಿಯೇ ಬೇರೆ: 8 ಪ್ರಶ್ನೆಯಲ್ಲಿ 4 ಆರಿಸಿ ಒಂದೊಂದಕ್ಕೆ 350 ಪದದೊಳಗೆ ಉತ್ತರ. ಈ ಪ್ರಬಂಧವನ್ನೇ ತುಂಡು ಮಾಡಿ ಅಲ್ಲಿ ಹಾಕಬೇಡ.

ಪ್ರಶ್ನೆ: ಮಗ ಬೆಳಗಾವಿಯಲ್ಲಿ ಓದುತ್ತಿದ್ದಾನೆ, ಇಂಗ್ಲೆಂಡಿಗೆ ಯುಕಾಸ್ (ಅಲ್ಲಿನ ವಿಶ್ವವಿದ್ಯಾಲಯಗಳ ಅರ್ಜಿ ತೆಗೆದುಕೊಳ್ಳುವ ಸಂಸ್ಥೆ) ಮೂಲಕ ಅರ್ಜಿ ಹಾಕಬೇಕು. 4,000 ಪದ ಬರೆಯಬೇಕಂತೆ, ಅಷ್ಟನ್ನು ಅವನು ಎಲ್ಲಿಂದ ತರಬೇಕು?

ಉತ್ತರ: ಗಾಬರಿಯಾಗಬೇಡಿ, ಅದು 4,000 ಪದ ಅಲ್ಲ, 4,000 ಕ್ಯಾರೆಕ್ಟರ್. ಅಕ್ಷರ, ಚುಕ್ಕಿ, ಖಾಲಿ ಜಾಗ ಎಲ್ಲವೂ ಅದರಲ್ಲೇ ಲೆಕ್ಕ. ಇಂಗ್ಲಿಷಿನಲ್ಲಿ ಸುಮಾರು 600 ಪದ ಆಗುತ್ತದೆ. ಇನ್ನೊಂದು ವಿಷಯ, ಪರಿಚಯದ ಹುಡುಗರ ಹಳೆಯ ಪ್ರಬಂಧ ಸಿಕ್ಕರೂ ಅದರ ಮಾದರಿಯಲ್ಲಿ ಬರೆಸಬೇಡಿ. 2026ರ ಪ್ರವೇಶದಿಂದ ಒಂದೇ ಉದ್ದ ಬರಹದ ಬದಲು ಮೂರು ಪ್ರಶ್ನೆ ಬಂದಿವೆ: ಈ ಕೋರ್ಸ್ ಯಾಕೆ, ಈವರೆಗಿನ ಓದು ಅದಕ್ಕೆ ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ಮಾಡಿದ್ದಾನೆ. ಪ್ರತಿ ಉತ್ತರ ಕನಿಷ್ಠ 350 ಕ್ಯಾರೆಕ್ಟರ್ ಇರಬೇಕು, ಮೂರೂ ಸೇರಿ 4,000 ದಾಟಬಾರದು. ಅದರೊಳಗೆ ಯಾವುದಕ್ಕೆ ಎಷ್ಟು ಅನ್ನುವುದು ಅವನಿಗೇ ಬಿಟ್ಟದ್ದು. ಎರಡನೆಯದಕ್ಕೆ ಜಾಸ್ತಿ ಜಾಗ ಕೊಡಲಿ ಅಂತ ನನ್ನ ಸಲಹೆ. ಒಂದೇ ಸಂಗತಿಯನ್ನು ಎರಡು ಕಡೆ ಬರೆದರೆ ಜಾಗ ಸುಮ್ನೆ ಹಾಳು. ಶಿಕ್ಷಕರ ರೆಫರೆನ್ಸ್ ಬೇರೆಯಾಗಿ ಹೋಗುತ್ತದೆ, ಅದು ಈ 4,000ದಲ್ಲಿ ಸೇರುವುದಿಲ್ಲ.