ವೆಲೆನ್ಸಿಯಾ ಬೀಚಿಗೆ ಸಂಜೆ ಹೋದರೆ ಸಾಕಾ?

ಸಂಜೆ ಮಲ್ವರೋಸಾ ಬೀಚಿನಲ್ಲಿ ಸೂರ್ಯ ಮುಳುಗುವುದನ್ನು ನೋಡಿ, ರಾತ್ರಿ ಅಲ್ಲೇ ಪಾಯೆಯಾ (ಅಲ್ಲಿನ ಹೆಸರಾಂತ ಅನ್ನದ ಅಡುಗೆ) ತಿನ್ನಬಹುದಾ ಎಂದು ಕೇಳಿದ್ದೀರಿ. (ಮಂಗಳೂರಿನ ವೆಲೆನ್ಸಿಯಾ ಅಲ್ಲ, ಸ್ಪೇನಿನದು!) ದಯವಿಟ್ಟು ಬೇಡ. ನಾನು ಹಾಗೇ ಹೋಗಿ ಪೆಚ್ಚಾಗಿ ಬಂದವನು.

ನಾನು ಕುಂದಾಪುರದ ಕಡೆಯವನು. ಸೂರ್ಯ ಅಂದರೆ ಕಡಲಿಗೇ ಇಳಿಯಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ವೆಲೆನ್ಸಿಯಾಗೆ ಕಡಲು ಇರುವುದು ಪೂರ್ವಕ್ಕೆ. ಅರ್ಧ ಗಂಟೆ ನೀರನ್ನೇ ನೋಡುತ್ತಾ ಕೂತಿದ್ದೆ, ಸೂರ್ಯ ಬೆನ್ನ ಹಿಂದೆ ಕಟ್ಟಡಗಳ ಆಚೆ ಮುಳುಗಿಹೋಗಿದ್ದ.

ಪಾಯೆಯಾ ಅಲ್ಲಿ ಮಧ್ಯಾಹ್ನದ ಊಟ. ರಾತ್ರಿಗೆ ಭಾರ ಅಂತ ಊರಿನವರು ಸಾಮಾನ್ಯವಾಗಿ ತಿನ್ನುವುದಿಲ್ಲ. ಅವತ್ತು ನನಗೆ ಸಿಕ್ಕಿದ್ದು ಬಿಸಿ ಮಾಡಿ ಕೊಟ್ಟ ಹಳದಿ ಅನ್ನ, ಅಷ್ಟೇ. ಮರುದಿನ ಮಧ್ಯಾಹ್ನ ಎರಡಕ್ಕೆ ಮತ್ತೆ ಹೋದೆ. ಅಗಲವಾದ, ಆಳವಿಲ್ಲದ ಬಾಣಲೆಯಲ್ಲೇ ತಂದಿಟ್ಟರು. ಆ ಬಾಣಲೆಯ ಹೆಸರೇ ಪಾಯೆಯಾ. ಅನ್ನ ಒಂದು ಬೆರಳಿನಷ್ಟೂ ದಪ್ಪ ಇಲ್ಲ. ಕೋಳಿ, ಮೊಲ, ಹಸಿರು ಬೀನ್ಸ್, ಗರೋಫೋ ಎಂಬ ಅಗಲ ಬಿಳಿ ಕಾಳು, ಕೇಸರಿ. ಕಡಲ ಪಕ್ಕದ ಊರಾದರೂ ಅವರ ಮೂಲ ಪಾಯೆಯಾದಲ್ಲಿ ಮೀನಿಲ್ಲ! ಸಿಗಡಿ ಹಾಕಿದ್ದೂ ಸಿಗುತ್ತದೆ, ಅದು ಬೇರೆ. ತಳ ಹಿಡಿದ ಅನ್ನಕ್ಕೆ ಸೊಕರ್ರಾತ್ ಅಂತಾರೆ. ನಮ್ಮ ಮನೆಯಲ್ಲಿ ತಳ ಹಿಡಿದರೆ ಬೈಗುಳ, ಅಲ್ಲಿ ಅದನ್ನು ಕೆರೆದು ತಿನ್ನಲು ಪೈಪೋಟಿ. ಹೆಚ್ಚಿನ ಕಡೆ ಕನಿಷ್ಠ ಇಬ್ಬರಿಗೆ ಮಾಡಿಕೊಡುತ್ತಾರೆ. ಒಬ್ಬರೇ ಹೋಗುವುದಾದರೆ ಮೊದಲೇ ಕೇಳಿ.

ಊಟಕ್ಕೆ ಮುಂಚೆ ಬೀಚಿನ ಹಿಂದಿನ ಕಬಾನ್ಯಾಲ್‌ನಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಮೀನುಗಾರರ ಹಳೇ ಕೇರಿ ಅದು, ಮನೆಗಳ ಮುಂಗೋಡೆಗೆಲ್ಲ ಬಣ್ಣದ ಟೈಲ್ಸ್. ಇದೇ ತೀರದಲ್ಲಿ ಎತ್ತುಗಳು ದೋಣಿ ಎಳೆಯುವುದನ್ನು ಇದೇ ಊರಿನ ಹಳೇ ಕಾಲದ ಚಿತ್ರಕಾರ ಹೊಆಕಿನ್ ಸೊರೊಯಾ ಚಿತ್ರ ಬರೆದಿದ್ದಾರೆ. ದೋಣಿಗೆ ಎತ್ತು ಕಟ್ಟುವುದು ನಾನಂತೂ ಕೇಳಿರಲಿಲ್ಲ.

ಬಾಯಾರಿದರೆ ಓರ್ಚಾತಾ ಕುಡಿಯಿರಿ. ನಮ್ಮ ಕೊನ್ನಾರಿ ಗಡ್ಡೆಯ ಜಾತಿಯದೇ ಚುಫಾ ಎಂಬ ಪುಟ್ಟ ಗಡ್ಡೆ ನೆನೆಸಿ, ರುಬ್ಬಿ, ಹಿಂಡಿ, ಸಕ್ಕರೆ ಹಾಕಿ ತಣ್ಣಗೆ ಕೊಡುತ್ತಾರೆ. ಹಸುವಿನ ಹಾಲು ಹಾಕುವುದಿಲ್ಲ.

ಸೂರ್ಯಾಸ್ತ ಬೇಕೇ ಬೇಕು ಅಂದರೆ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರ್ ದೂರದ ಅಲ್ಬುಫೇರಾ ಸರೋವರಕ್ಕೆ ಹೋಗಿ. ಸುತ್ತ ಭತ್ತದ ಗದ್ದೆ, ನೀರಿನ ಮೇಲೆ ದೋಣಿ, ಥೇಟ್ ನಮ್ಮೂರಿನ ಹಿನ್ನೀರಿನ ಹಾಗೆ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಗೆ. ವಾಪಸ್ ಬಸ್ ಎಷ್ಟೊತ್ತಿಗೆ ಅಂತ ಮೊದಲೇ ನೋಡಿಕೊಳ್ಳಿ.